ಟೊರಾಂಟೊದಲ್ಲಿ ಒಂದು ಮೆಟ್ಟಿಲಿನ ವಿಚಾರ

ಕೆನಡಾ ದೇಶದ ಟೊರಾಂಟೊ ನಗರಕ್ಕೆ ಹೋದವರು ಮುಗಿಲನ್ನು ಮುಟ್ಟುವಂತಿರುವ ಅಲ್ಲಿಯ ಗೋಪುರವನ್ನೂ, ಸಮುದ್ರವೆಂಬ ಭ್ರಾಂತಿಯನ್ನು ಹುಟ್ಟಿಸುವ ಒಂಟಾರಿಯೊ ಸರೋವರವನ್ನೂ, ನಯಾಗರಾ ಜಲಪಾತವನ್ನೂ ನೋಡಿ ಬಂದು ಆ ವರ್ಣನೆಯನ್ನೇ ಬರೆಯುವುದು ವಾಡಿಕೆ. ಅವೆಲ್ಲವನ್ನೂ ನಾವೂ ನೋಡಿದೆವು. ಆದರೆ ವಾಚಕರಿಗೆ ಈಗ ಹೇಳಹೊರಟಿರುವುದು ಅವುಗಳ ಮಾತಲ್ಲ. ಅದೇ ಊರಿನ ಮೆಕ್ಕಾಲ್ ಬೀದಿಯಲ್ಲಿರುವ ಒಂದು ವಿದ್ಯಾಶಾಲೆಯ ಮಾತು, ಅಲ್ಲಿ ಕಲಿಸುವ ಒಂದು ಹೊಸ ವಿದ್ಯೆಯ ಮಾತು.

ನಮ್ಮ ಮಗಳು ಬೆಂಗಳೂರಿನಲ್ಲಿ ಒಳ್ಳೆಯ ಸಂಬಳದ ಉದ್ಯೋಗವನ್ನು ಬಿಟ್ಟು, ಈ ವಿದ್ಯೆಯಲ್ಲಿ ಎರಡು ವರ್ಷಗಳ ಸ್ನಾತಕೋತ್ತರ ಪದವಿಗಾಗಿ ಓದಲು ಹೊರಟಾಗ ಬಂಧುಗಳಲ್ಲಿ ಅನೇಕರು ಮೂಗಿನ ಮೇಲೆ ಬೆರಳಿಟ್ಟರು. ಇಂಗ್ಲಿಷಿನಲ್ಲಿ ಇದಕ್ಕೆ ಇನ್‌ಕ್ಲೂಸಿವ್ ಡಿಸೈನ್ ಎಂದು ಹೆಸರು. ಎಲ್ಲರನ್ನೂ ಒಳಗೊಳ್ಳುವ ವಿನ್ಯಾಸ ಎಂದು ನಾವು ಹೇಳಿಕೊಳ್ಳಬಹುದು. ಆ ವೇಳೆಗೆ ನಮ್ಮ ಗೃಹಿಣಿಗೆ ಪಾರ್ಶ್ವವಾಯು ಬಡಿದು ಎರಡು ವರ್ಷಗಳಾಗಿದ್ದುವು. ಮಾತು, ಬುದ್ಧಿ, ಹಾಸ್ಯ ಎಲ್ಲವೂ ಮೊದಲಿನಂತೆಯೇ ಇದ್ದುವು. ಬಲಗಾಲು ಬಲಗೈಗಳು ಮಾತ್ರ ಸ್ವಾಧೀನದಲ್ಲಿರಲಿಲ್ಲ. ಮನೆಯೊಳಗೆ ಊರುಗೋಲು, ಹೊರಗೆ ಗಾಲಿಕುರ್ಚಿ. ನಮ್ಮ ಮನೆಯ ಮುಂದೆ ಮೂರು ಮೆಟ್ಟಿಲುಗಳು. ಕುರ್ಚಿಯನ್ನು ಇಳಿಸಬೇಕಾದರೆ ಇಬ್ಬರು ಬೇಕು. “ಮೂಟೆಯ ಹಾಗೆ ಎತ್ತಿಸಿಕೊಂಡು ಹೋಗುವುದಕ್ಕಿಂತ ಮನೆಯಲ್ಲಿ ಕುಳಿತಿರುವುದೇ ಲೇಸು” ಎಂದು ಆಕೆ ಹೊರಗೆ ಹೋಗುವುದನ್ನೇ ಬಿಟ್ಟಿದ್ದಳು. ಅಂಥವಳನ್ನು ಮಗಳು ಹಟಮಾಡಿ, ನಮ್ಮೊಡನೆ, ಒಂದು ವೈಶಾಖದಲ್ಲಿ ಅಷ್ಟು ದೂರ ಕರೆಸಿಕೊಂಡಳು.

ವಿದ್ಯಾಶಾಲೆಯ ಹೆಸರು ಓಕ್ಯಾಡ್ ವಿಶ್ವವಿದ್ಯಾಲಯ. 1876ರಲ್ಲಿ ಚಿತ್ರಕಲೆಯ ಶಾಲೆಯಾಗಿ ಹುಟ್ಟಿದ್ದು. ಅದರ ಕಟ್ಟಡವನ್ನು ನೋಡಿದವರು ಮರೆಯುವಂತಿಲ್ಲ. ಹಳೆಯ ಕಟ್ಟಡದ ಮೇಲೆ, ನೆಲದಿಂದ ಸುಮಾರು ನಾಲ್ಕು ಅಂತಸ್ತುಗಳ ಎತ್ತರದಲ್ಲಿ, ಕಪ್ಪು ಬಿಳುಪು ಚೌಕುಳಿಗಳ ಒಂದು ದೊಡ್ಡ ಪೆಟ್ಟಿಗೆಯು ಬಣ್ಣಬಣ್ಣದ ಓರೆಗಾಲುಗಳ ಮೇಲೆ ಮೇಜಿನಂತೆ ನಿಂತಿದೆ. ಇಂಗ್ಲೆಂಡಿನ ವಿಲ್ ಆಲ್ಸಪ್ ಎಂಬ ವಾಸ್ತುಶಿಲ್ಪಿಯ ಈ ರಚನೆ 2004ರಲ್ಲಿ ಪೂರ್ಣವಾಯಿತು. ಇದು ಬರಿಯ ಚಮತ್ಕಾರವೆಂದು ತಿಳಿಯಬಾರದು. ಎದುರು ಸಾಲಿನ ಮನೆಯವರಿಗೆ ಹಿಂದಿರುವ ಗ್ರೇಂಜ್ ಉದ್ಯಾನದ ನೋಟವೂ ದಾರಿಯೂ ತಪ್ಪದಿರಲೆಂದು ಕಟ್ಟಡವನ್ನೇ ಮೇಲಕ್ಕೆತ್ತಿದರು. ಇತರರ ದಾರಿಗೆ ಅಡ್ಡವಾಗದಂತೆ ಕಟ್ಟುವುದು ಹೇಗೆಂಬ ಪಾಠಕ್ಕೆ ಇದು ತಕ್ಕ ಪೀಠಿಕೆಯೇ ಸರಿ.

ಈ ವಿದ್ಯೆಗೆ ಅಲ್ಲಿ ಆಧಾರವಾಗಿರುವ ಸಂಶೋಧನ ಕೇಂದ್ರವನ್ನು ಯುಟ್ಟಾ ಟ್ರೆವಿರಾನಸ್ ಎಂಬ ವಿದುಷಿ 1993ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಸ್ಥಾಪಿಸಿದರು. 2010ರಲ್ಲಿ ಅದು ಓಕ್ಯಾಡಿಗೆ ಬಂದಿತು. ನಮ್ಮ ಮಗಳ ಸಹಪಾಠಿಗಳಲ್ಲಿ ಚಿತ್ರಕಾರರಿದ್ದರು, ಕಂಪ್ಯೂಟರ್ ಬಲ್ಲವರಿದ್ದರು, ಉಪಾಧ್ಯಾಯರಿದ್ದರು. ಕಿವಿ ಕೇಳದ ಒಬ್ಬಾಕೆಯೂ ಇದ್ದಳು. ತರಗತಿಯಲ್ಲಿ ಆಡಿದ ಮಾತೆಲ್ಲ ಒಡನೊಡನೆಯೇ ಪರದೆಯ ಮೇಲೆ ಅಕ್ಷರವಾಗಿ ಮೂಡುತ್ತಿದ್ದಿತು. ಆಕೆಗಾಗಿ ಮಾಡಿದ ಆ ಏರ್ಪಾಟಿನಿಂದ, ಆ ದೇಶದ ಉಚ್ಚಾರಣೆಗೆ ಕಿವಿ ಪಳಗದಿದ್ದ ನಮಗೆ ಆದ ಉಪಕಾರ ಸಾಮಾನ್ಯವಲ್ಲ.

ಈ ವಿದ್ಯೆಯ ತಿರುಳೇನು? ನಾವು ತರ್ಕಶಾಸ್ತ್ರವನ್ನು ಓದುವಾಗ ಯೋಗ್ಯತೆಯೆಂಬ ಒಂದು ವಿಚಾರವನ್ನು ಕಲಿತಿದ್ದೆವು. ಬೆಂಕಿಯಿಂದ ಗಿಡಕ್ಕೆ ನೀರೆರೆ ಎಂದರೆ ವಾಕ್ಯಕ್ಕೆ ಅರ್ಥವಾಗುವುದಿಲ್ಲ. ಬೆಂಕಿಯೆಂಬ ಪದದಲ್ಲಿ ದೋಷವಿಲ್ಲ, ಎರೆಯುವುದೆಂಬ ಪದದಲ್ಲಿಯೂ ದೋಷವಿಲ್ಲ; ಎರಡರ ಸಂಬಂಧದಲ್ಲಿ ಯೋಗ್ಯತೆಯಿಲ್ಲ. ಈ ಹೊಸ ವಿದ್ಯೆಯೂ ಅಂಗವೈಕಲ್ಯವನ್ನು ಹೀಗೆಯೇ ವಿವರಿಸುತ್ತದೆ. ಕೊರತೆ ಇರುವುದು ಮನುಷ್ಯನಲ್ಲಲ್ಲ. ಮನುಷ್ಯನಿಗೂ ಅವನೆದುರಿನ ವಸ್ತುವಿಗೂ ಇರುವ ಹೊಂದಿಕೆಯಲ್ಲಿ. ಮೆಟ್ಟಿಲು ಇರುವಲ್ಲಿ ಗಾಲಿಕುರ್ಚಿಯವಳು ಅಶಕ್ತಳು, ಇಳಿಜಾರು ಇರುವಲ್ಲಿ ಅಲ್ಲ. ಮನುಷ್ಯನನ್ನು ತಿದ್ದಲಾಗದು, ಮೆಟ್ಟಿಲನ್ನು ತಿದ್ದಬಹುದಷ್ಟೆ.

ಸಾಮಾನ್ಯ ಮನುಷ್ಯನಿಗಾಗಿ ಮಾಡಿದರೆ ಸಾಲದೆ ಎಂದು ನಾವು ಮಗಳನ್ನು ಕೇಳಿದೆವು. “ಆ ಸಾಮಾನ್ಯ ಮನುಷ್ಯ ಎಲ್ಲಿದ್ದಾನೆ, ಅಪ್ಪ?” ಎಂದು ಅವಳು ಒಂದು ವೃತ್ತಾಂತವನ್ನು ಹೇಳಿದಳು. ಅಮೆರಿಕದ ವಾಯುಪಡೆಯವರು 1950ರಲ್ಲಿ ನಾಲ್ಕು ಸಾವಿರಕ್ಕೂ ಮಿಕ್ಕ ವಿಮಾನಚಾಲಕರ ದೇಹವನ್ನು ಅಳೆದರು. ಅವರಲ್ಲಿ 4,063 ಜನರ ಅಳತೆಗಳನ್ನು ಗಿಲ್ಬರ್ಟ್ ಡೇನಿಯಲ್ಸ್ ಎಂಬುವನು ಪರಿಶೀಲಿಸಿದನು. ಎತ್ತರ, ಎದೆ, ತೋಳು ಮೊದಲಾದ ಹತ್ತು ಅಳತೆಗಳಲ್ಲಿಯೂ ಸರಾಸರಿಯ ಆಸುಪಾಸಿನಲ್ಲಿದ್ದವರು ಎಷ್ಟು ಮಂದಿ? ಒಬ್ಬನೂ ಇಲ್ಲ! ತರುವಾಯ ಚಾಲಕನಿಗೆ ತಕ್ಕಂತೆ ಸರಿಸಿಕೊಳ್ಳಬಹುದಾದ ಆಸನಗಳನ್ನು ಮಾಡಿಸಿದರು.

ಟ್ರೆವಿರಾನಸ್ ಅವರು ನಡೆಸಿದ ಒಂದು ಪರೀಕ್ಷೆಯ ಕಥೆ ಇನ್ನೂ ಭಯಂಕರವಾದುದು. ಚಾಲಕನಿಲ್ಲದೆ ಓಡುವ ಕಾರುಗಳಿಗೆಂದು ಸಿದ್ಧವಾಗುತ್ತಿದ್ದ ಯಂತ್ರಬುದ್ಧಿಗೆ ಅವರು ತಮ್ಮ ಗೆಳತಿಯೊಬ್ಬಳ ಚಿತ್ರವನ್ನು ತೋರಿಸಿದರು. ಆಕೆ ಕಾಲಿನಿಂದ ನೆಲವನ್ನೊದೆಯುತ್ತ ಗಾಲಿಕುರ್ಚಿಯನ್ನು ಹಿಮ್ಮುಖವಾಗಿ ನಡೆಸುವವಳು. ಕುರ್ಚಿ ಹಿಂದಕ್ಕೆ ಸರಿಯುತ್ತಿದೆಯೆಂದು ಬಗೆದು ಯಂತ್ರವು ಆಕೆಯ ಮೇಲೆಯೇ ಹಾಯುವ ನಿರ್ಣಯ ಮಾಡಿತು. ಗಾಲಿಕುರ್ಚಿಯವರ ಚಿತ್ರಗಳನ್ನು ಹೇರಳವಾಗಿ ತೋರಿಸಿ ಮತ್ತೆ ಪರೀಕ್ಷಿಸಿದರು. ಆಗ ಅದೇ ನಿರ್ಣಯವನ್ನು ಹೆಚ್ಚಿನ ವಿಶ್ವಾಸದಿಂದ ಮಾಡಿತು! ಹೆಚ್ಚು ಮಂದಿ ಮಾಡುವ ರೀತಿಯನ್ನು ಕಲಿತಷ್ಟೂ ಅಂಚಿನಲ್ಲಿರುವವರು ಯಂತ್ರಕ್ಕೆ ಕಾಣದೆ ಹೋಗುವರು. ಅಂಚಿನಲ್ಲಿರುವವರನ್ನು ಕರೆದು ಕೂರಿಸಿಕೊಂಡು ಅವರೊಡನೆಯೇ ರಚಿಸಬೇಕೆಂಬ ಸೂತ್ರಕ್ಕೆ ಇದು ಭಾಷ್ಯ.

ಪುಸ್ತಕದ ವಿದ್ಯೆ ಬೀದಿಯಲ್ಲಿ ಎಷ್ಟರಮಟ್ಟಿಗೆ ಇಳಿದಿದೆಯೆಂದು ನೋಡಲು ನಾವು ಮೂವರೂ ಹೊರಟೆವು. ಬೀದಿಯ ಮೂಲೆಗಳಲ್ಲಿ ಕಾಲುದಾರಿಯನ್ನು ಇಳಿಜಾರಾಗಿ ತಗ್ಗಿಸಿದ್ದಾರೆ. ಕಣ್ಣು ಕಾಣದವರಿಗೆ ಪಾದದಿಂದ ತಿಳಿಯಲೆಂದು ಅಲ್ಲಲ್ಲಿ ಗುಬುಟುಗಳುಳ್ಳ ಲೋಹದ ಹಲಗೆಗಳುಂಟು. ಕೆಲವು ಕಡೆ ದಾಟುವ ಹೊತ್ತನ್ನು ಕೋಗಿಲೆಯಂತಹ ದನಿಯು ಸೂಚಿಸುತ್ತದೆ. ತಗ್ಗಿಸಿದ ಆ ಮೂಲೆಗಳಲ್ಲಿ ಮಗುವಿನ ಗಾಡಿ ತಳ್ಳುವ ತಾಯಿಯರೂ ಸಾಮಾನು ಸಾಗಿಸುವ ಕೂಲಿಗಳೂ ಹಾಯುವುದನ್ನು ಕಂಡೆವು. ಟ್ರಾಂ ಬಂಡಿಗಳೂ ಈಗ ತಗ್ಗು ನೆಲದವು. 2014ರಲ್ಲಿ ಇವು ಓಡಲಾರಂಭಿಸಿದುವು. ಮೆಟ್ಟಿಲು ಹತ್ತಬೇಕಾಗಿದ್ದ ಹಳೆಯ ಬಂಡಿಗಳನ್ನು 2019ರ ಕೊನೆಯಲ್ಲಿ ನಿಲ್ಲಿಸಿದರು. ಒಂದು ಗುಂಡಿಯನ್ನೊತ್ತಿದೊಡನೆ ಬಾಗಿಲಿನಿಂದ ಹಲಗೆಯೊಂದು ಚಾಚಿಕೊಂಡಿತು. ನಮ್ಮ ಗೃಹಿಣಿ ಯಾರ ಕೈಯನ್ನೂ ಹಿಡಿಯದೆ ಒಳಗೆ ಹೋದಳು. ಯಾರೂ ತಿರುಗಿ ನೋಡಲಿಲ್ಲ. ಆ ಎರಡನೆಯದೇ ತನಗೆ ಹೆಚ್ಚು ಸಂತೋಷವನ್ನು ಕೊಟ್ಟಿತೆಂದು ಆಕೆ ರಾತ್ರಿ ಹೇಳಿದಳು.

ಎಲ್ಲವೂ ಸರಿಯಾಗಿದೆಯೆಂದು ಹೇಳಿದರೆ ಸುಳ್ಳಾಗುವುದು. ಹಳೆಯ ಅಂಗಡಿಗಳ ಬಾಗಿಲುಗಳಲ್ಲಿ ಅಲ್ಲಿಯೂ ಒಂದೊಂದು ಮೆಟ್ಟಿಲುಂಟು. 2025ರೊಳಗೆ ಇಡೀ ಪ್ರಾಂತವನ್ನು ಸರ್ವರಿಗೂ ಸುಗಮಗೊಳಿಸಬೇಕೆಂದು ಒಂಟಾರಿಯೊದಲ್ಲಿ 2005ರಲ್ಲಿಯೇ ಶಾಸನ ಮಾಡಿದರು. ಗಡುವು ಬಂದಿತು, ಕೆಲಸ ಮುಗಿಯಲಿಲ್ಲ. ಶಾಸನದ ಪಾಡಿಗೆ ಶಾಸನವಿರಲೆಂದು, ತಾನೇ ಗಾಲಿಕುರ್ಚಿಯಲ್ಲಿರುವ ಲ್ಯೂಕ್ ಆಂಡರ್ಸನ್ ಎಂಬ ಎಂಜಿನಿಯರು ಸಂಗಡಿಗರೊಡನೆ 2011ರಲ್ಲಿ ಸ್ಟಾಪ್‌ಗ್ಯಾಪ್ ಎಂಬ ಸಂಸ್ಥೆಯನ್ನು ಕಟ್ಟಿ, ಇಂಥ ಮೆಟ್ಟಿಲುಗಳಿಗೆ ಒರಗಿಸುವ ಮರದ ಇಳಿಜಾರುಗಳಿಗೆ ಕಣ್ಣು ಕೋರೈಸುವ ಬಣ್ಣ ಬಳಿಸಿ ಹಂಚತೊಡಗಿದನು. ಬಣ್ಣ ಏಕೆಂದರೆ, ಹಾದುಹೋಗುವವರಿಗೆ ಮೆಟ್ಟಿಲು ಕಾಣಲೆಂದು.

ಊರಿಗೆ ಮರಳುವ ಮುನ್ನ ಮಗಳು ಕಾಗದವನ್ನು ಮುಂದಿಟ್ಟು, “ಅಮ್ಮ, ನಮ್ಮ ಮನೆಗೆ ಏನು ಮಾಡೋಣ? ನೀನೇ ಬರೆ” ಎಂದಳು. ಎತ್ತರ ಒಂದಡಿಯಾದರೆ ಇಳಿಜಾರಿನ ಉದ್ದ ಹನ್ನೆರಡು ಅಡಿಯಿರಬೇಕೆಂಬುದು ಈ ವಿದ್ಯೆಯವರ ಲೆಕ್ಕ. ನಮ್ಮ ಮೂರು ಮೆಟ್ಟಿಲುಗಳ ಎತ್ತರ ಒಂದೂವರೆ ಅಡಿ, ಬೇಕಾದುದು ಹದಿನೆಂಟು ಅಡಿ; ಮನೆಯ ಮುಂದಿರುವ ಅಂಗಳ ಒಂಬತ್ತೇ ಅಡಿ. ಹಿತ್ತಿಲಲ್ಲಿ ಜಾಗವಿದೆಯಲ್ಲ ಎಂದೆವು. “ಹಿತ್ತಿಲ ಬಾಗಿಲಿನಿಂದ ಬರುವುದಕ್ಕೆ ನಾನೇನು ಕಳ್ಳಿಯೆ?” ಎಂದು ಆಕೆ ಎಡಗೈಯಿಂದಲೇ ಗೆರೆಯೆಳೆದಳು: ಗೋಡೆಯುದ್ದಕ್ಕೂ, ಕಿಟಕಿಯ ಕೆಳಗೆ, ಪಾರಿಜಾತದ ಬಳಿ ಸಮನೆಲದಲ್ಲಿ ತಿರುಗಿ, ನೇರವಾಗಿ ಮುಂಬಾಗಿಲಿಗೆ.

ಊರಿನ ಗಾರೆಯವನು ಅದನ್ನು ಹಾಗೆಯೇ ಕಟ್ಟಿಕೊಟ್ಟಿದ್ದಾನೆ. ಸಂಜೆಯ ಹೊತ್ತು ಆಕೆ ತಾನೇ ಇಳಿದು ಬೀದಿಯ ಕೊನೆಯವರೆಗೆ ಹೋಗಿ, ಹೂವು ಕೊಂಡು, ನಾಲ್ಕು ಮನೆಯವರೊಡನೆ ಮಾತನಾಡಿ ಬರುತ್ತಾಳೆ. ಗ್ಯಾಸ್ ತರುವ ಹುಡುಗನು ಸಿಲಿಂಡರನ್ನು ಅದರ ಮೇಲೆ ಉರುಳಿಸಿಕೊಂಡು ಬರುತ್ತಾನೆ. ಪಕ್ಕದ ಮನೆಯ ಮಗು ನಡೆಯಲು ಕಲಿತದ್ದು ಅಲ್ಲಿಯೇ. ನಮಗೂ ಅರವತ್ತು ತುಂಬಿತು. ಮೊಣಕಾಲು ನೋಯುವ ದಿನ ನಾವೂ ಮೆಟ್ಟಿಲನ್ನು ಬಿಟ್ಟು ಆ ದಾರಿಯನ್ನೇ ಹಿಡಿಯುತ್ತೇವೆ.