ವೇಗದ ಬೆಲೆ

ಬೆಳೆದ ಧಾನ್ಯವನ್ನು ಕಾಪಾಡಲು ರೈತನು ಕಣಜವನ್ನು ಕಟ್ಟಿದನು. ಅರಿತ ವಿಷಯವನ್ನು ಕಾಪಾಡಲು ಮಾನವನು ಕಲ್ಲು, ತಾಳೆಗರಿ, ಕಾಗದಗಳನ್ನು ಆಶ್ರಯಿಸಿದನು. ಈ ಪರಂಪರೆಯಲ್ಲಿ ತೀರ ಈಚಿನದು ಗಣಕಯಂತ್ರದ ಸಂಗ್ರಹ. ಕಣಜಕ್ಕಾಗಲಿ ಗಣಕಕ್ಕಾಗಲಿ ಕೂಡಿಡುವುದಷ್ಟೇ ಕೆಲಸವಲ್ಲ. ಬೇಕಾದಾಗ ಬೇಗನೆ ತೆಗೆದುಕೊಡುವುದೂ ಅಷ್ಟೇ ಮುಖ್ಯ. ಆದರೆ ಆ ವೇಗಕ್ಕೆ ಒಂದು ಬೆಲೆಯುಂಟು.

1956ರಲ್ಲಿ ಅಮೆರಿಕದ ಐ.ಬಿ.ಎಂ. ಸಂಸ್ಥೆಯು ತಿರುಗುವ ಕಾಂತೀಯ ತಟ್ಟೆಗಳ ಸಂಗ್ರಹವೊಂದನ್ನು ಹೊರತಂದಿತು. ಐವತ್ತು ದೊಡ್ಡ ತಟ್ಟೆಗಳಿದ್ದ ಆ ಯಂತ್ರದಲ್ಲಿ ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರಗಳು ಮಾತ್ರ. ಮುಂದೆ ತಟ್ಟೆಗಳು ಚಿಕ್ಕವಾದವು, ನಿಮಿಷಕ್ಕೆ 7,200 ಸುತ್ತು ತಿರುಗುವಂತಾದವು. ಆದರೂ ಬೇಕಾದ ಸ್ಥಳವು ಓದುವ ಸಾಧನದ ಕೆಳಗೆ ಬರುವವರೆಗೆ ಗಣಕವು ಕಾಯಲೇಬೇಕು. ಒಂದು ಸುತ್ತಿಗೆ ಹಿಡಿಯುವುದು ಒಂದು ಸೆಕೆಂಡಿನ 120ನೆಯ ಒಂದು ಭಾಗ. ಮನುಷ್ಯನಿಗೆ ಅದು ಲೆಕ್ಕಕ್ಕೇ ಬಾರದ ಅವಧಿ. ಸೆಕೆಂಡಿಗೆ ಕೋಟಿಗಟ್ಟಲೆ ಲೆಕ್ಕ ಮಾಡುವ ಯಂತ್ರಕ್ಕೋ ದೀರ್ಘ ನಿರೀಕ್ಷೆ.

ಈ ನಿರೀಕ್ಷೆಯನ್ನು ತಗ್ಗಿಸುವ ದಾರಿಯನ್ನು ತೋರಿದವರಲ್ಲಿ ಜಪಾನಿನ ಫುಜಿಯೊ ಮಸುಒಕಾ ಪ್ರಮುಖರು. ತೊಷಿಬಾ ಸಂಸ್ಥೆಯಲ್ಲಿದ್ದ ಅವರು 1980ರ ದಶಕದಲ್ಲಿ ‘ಫ್ಲ್ಯಾಶ್’ ಎಂಬ ಸ್ಮೃತಿಯನ್ನು ರೂಪಿಸಿದರು. ಇದರಲ್ಲಿ ತಿರುಗುವ ಭಾಗಗಳೇ ಇಲ್ಲ. ಅತಿ ಸೂಕ್ಷ್ಮವಾದ ಕೋಶಗಳಲ್ಲಿ ವಿದ್ಯುತ್ ಕಣಗಳನ್ನು ಸೆರೆಹಿಡಿದು ಮಾಹಿತಿಯನ್ನು ಉಳಿಸಲಾಗುತ್ತದೆ. ಇಂತಹ ಘನಸ್ಥಿತಿ ಸಂಗ್ರಹವು ಕೇಳಿದ ಮಾಹಿತಿಯನ್ನು ಸೆಕೆಂಡಿನ ಸುಮಾರು ಹತ್ತು ಸಾವಿರದ ಒಂದು ಭಾಗದಲ್ಲಿ ಒಪ್ಪಿಸಬಲ್ಲದು.

ಇಲ್ಲಿಯೂ ಅಗ್ಗದ್ದು, ದುಬಾರಿಯದು ಎಂಬ ಭೇದವುಂಟು. ಒಂದು ಕೋಶದಲ್ಲಿ ಒಂದೇ ಅಂಕಿಯನ್ನು, ಎಂದರೆ ಸೊನ್ನೆಯನ್ನೋ ಒಂದನ್ನೋ, ಇಟ್ಟರೆ ಎರಡು ಮಟ್ಟಗಳನ್ನು ಗುರುತಿಸಿದರೆ ಸಾಕು. ಅದೇ ಕೋಶದಲ್ಲಿ ನಾಲ್ಕು ಅಂಕಿಗಳನ್ನು ತುಂಬಿದರೆ ಹದಿನಾರು ಮಟ್ಟಗಳನ್ನು ಬೇರ್ಪಡಿಸಬೇಕು. ಆಗ ಜಾಗ ಉಳಿಯುತ್ತದೆ, ಬೆಲೆ ಇಳಿಯುತ್ತದೆ. ಆದರೆ ಬರೆಯುವ ಕೆಲಸ ನಿಧಾನವಾಗುತ್ತದೆ, ಕೋಶವೂ ಬೇಗನೆ ಸವೆಯುತ್ತದೆ. ವೇಗವೂ ಬಾಳಿಕೆಯೂ ಬೇಕೆಂದವನು ಹೆಚ್ಚು ಹಣ ತೆರಬೇಕಾಗುವುದು ಈ ಕಾರಣದಿಂದ.

ವೇಗವೊಂದೇ ಗೆಲುವನ್ನು ತಂದುಕೊಡದು ಎಂಬುದಕ್ಕೆ ಒಂದು ನಿದರ್ಶನವಿದೆ. ಇಂಟೆಲ್ ಸಂಸ್ಥೆಯು 2017ರಲ್ಲಿ ‘ಆಪ್ಟೇನ್’ ಎಂಬ ಹೊಸ ಬಗೆಯ ಸಂಗ್ರಹವನ್ನು ಮಾರುಕಟ್ಟೆಗೆ ತಂದಿತು. ಅದು ಉತ್ತರಿಸಲು ತೆಗೆದುಕೊಳ್ಳುತ್ತಿದ್ದುದು ಸೆಕೆಂಡಿನ ಲಕ್ಷದ ಒಂದು ಭಾಗ. ಎಂದರೆ ಫ್ಲ್ಯಾಶ್‌ಗಿಂತ ಸುಮಾರು ಹತ್ತು ಪಟ್ಟು ಶೀಘ್ರ. ಆದರೆ 375 ಗಿಗಾಬೈಟಿನ ಒಂದು ಸಾಧನದ ಬೆಲೆ 1,520 ಡಾಲರ್! ಕ್ಷಣಕ್ಷಣಕ್ಕೂ ಸಾವಿರಾರು ವ್ಯವಹಾರಗಳನ್ನು ದಾಖಲಿಸುವ ದೊಡ್ಡ ಸಂಸ್ಥೆಗಳಿಗೆ ಅದು ವರವೇ ಸರಿ. ಆದರೆ ಅಷ್ಟು ವೇಗ ಅಗತ್ಯವಾದವರು ಕೆಲವರೇ. ಕೊಳ್ಳುವವರು ಸಾಲದೆ 2022ರಲ್ಲಿ ಇಂಟೆಲ್ ಆ ಉದ್ಯಮವನ್ನೇ ಮುಚ್ಚುವುದಾಗಿ ಸಾರಿತು. ಎಲ್ಲರಿಗಿಂತ ಮುಂದೆ ಓಡಿದ್ದೇ ಮೊದಲು ದಣಿದು ಕುಳಿತಿತು.

ತಿರುಗುವ ತಟ್ಟೆಯನ್ನು ಬಿಟ್ಟು ಸಾಧಾರಣ ಘನಸ್ಥಿತಿ ಸಂಗ್ರಹಕ್ಕೆ ಬಂದವನಿಗೆ ಹಳೆಯ ಗಣಕವೇ ಹೊಸದಾದಂತೆ ತೋರುತ್ತದೆ. ಈ ಮೊದಲ ಹೆಜ್ಜೆಗೆ ಖರ್ಚು ಸ್ವಲ್ಪ, ಲಾಭ ಬಹಳ. ಅಲ್ಲಿಂದ ಅತ್ಯುತ್ತಮವಾದುದಕ್ಕೆ ಏರುವ ಕೊನೆಯ ಹೆಜ್ಜೆಗೆ ಖರ್ಚು ಬಹಳ, ಮನೆಯ ಕೆಲಸಕ್ಕೆ ಒದಗುವ ಲಾಭ ಅತ್ಯಲ್ಪ. ಕಣ್ಣೆವೆ ಇಕ್ಕುವಷ್ಟರಲ್ಲಿ ಸಾಧಾರಣ ಸಂಗ್ರಹವೇ ಸಾವಿರ ಸಲ ಉತ್ತರ ಕೊಟ್ಟಿರುತ್ತದೆ. ಪ್ರಬಂಧ ಬರೆಯುವ ವಿದ್ಯಾರ್ಥಿಗಾಗಿ ಗಣಕವೇ ಕಾಯುತ್ತಿರುತ್ತದೆ. ವಿದ್ಯಾರ್ಥಿ ಗಣಕಕ್ಕಾಗಿ ಕಾಯುವುದಿಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಹಿರಿಯರು ಹೇಳಿದರು. ಎಷ್ಟು ವೇಗ ದೊರೆಯುತ್ತದೆ ಎಂದು ಕೇಳುವುದು ಸುಲಭ. ಎಷ್ಟು ವೇಗ ಬೇಕು ಎಂದು ತನ್ನನ್ನೇ ಕೇಳಿಕೊಳ್ಳುವುದು ವಿವೇಕ. ಯಂತ್ರವು ಉಳಿಸಿಕೊಟ್ಟ ಕಾಲವನ್ನು ಸಾರ್ಥಕಗೊಳಿಸುವ ಹೊಣೆಯಂತೂ ಎಂದಿಗೂ ಮನುಷ್ಯನದೇ.