ಜಾಲಿಗಿಡದ ನೆರಳಿನಲ್ಲಿ

2019ರ ತಪಸ್ಸುಕಾಲದಲ್ಲಿ ನಾನು ಮಾಡಿದ ತಪ್ಪೊಂದನ್ನು ಒಪ್ಪಿಕೊಳ್ಳದೆ ಈ ಬರಹವನ್ನು ಆರಂಭಿಸಲು ನನಗೆ ಮನಸ್ಸಾಗುತ್ತಿಲ್ಲ.

ಆಗ ನಾನು ಸೇವೆ ಸಲ್ಲಿಸುತ್ತಿದ್ದ ಧರ್ಮಕೇಂದ್ರದಲ್ಲಿ ನಿವೃತ್ತ ಶಾಲಾ ಶಿಕ್ಷಕರೊಬ್ಬರಿದ್ದರು. ಊರಿಗೆಲ್ಲ ಅವರು ಮೇಷ್ಟ್ರು. ಮೂವತ್ತು ವರ್ಷಗಳಿಂದ ಭಾನುವಾರದ ಬಲಿಪೂಜೆಗೆ ಹಾರ್ಮೋನಿಯಂ ನುಡಿಸುತ್ತಿದ್ದವರು ಅವರೇ. ಬಲಿಪೂಜೆ ಮುಗಿದೊಡನೆ ದೇವಾಲಯದ ಹಿಂಬದಿಯ ಹುಣಸೆಮರದಡಿ ನಿಂತು ಬೀಡಿ ಹಚ್ಚುವುದೂ ಅವರಿಗೆ ಅಷ್ಟೇ ತಪ್ಪದ ನೇಮವಾಗಿತ್ತು. ಆ ವರ್ಷದ ಜನವರಿಯಲ್ಲಿ ಅವರಿಗೆ ಹೃದಯಾಘಾತವಾಯಿತು. ಆಂಜಿಯೋಪ್ಲಾಸ್ಟಿ ಮಾಡಿ ಸ್ಟೆಂಟ್ ಅಳವಡಿಸಿದರು. ಮನೆಗೆ ಮರಳುವಾಗ ಕೈಗೆ ಕೊಟ್ಟ ಚೀಟಿಯಲ್ಲಿ ಮಾತ್ರೆಗಳ ಪಟ್ಟಿಯ ಕೆಳಗೆ ಧೂಮಪಾನ ಮಾಡಕೂಡದು ಎಂದು ಬರೆದಿತ್ತು. ನಲವತ್ತು ವರ್ಷಗಳ ಅಭ್ಯಾಸವನ್ನು ಬಿಡುವುದು ಹೇಗೆಂದು ಮಾತ್ರ ಅವರಿಗೆ ಯಾರೂ ಹೇಳಿರಲಿಲ್ಲ.

ಆ ಕೆಲಸವನ್ನು ನಾನು ವಹಿಸಿಕೊಂಡೆ. ವಿಭೂತಿ ಬುಧವಾರದ ಸಂಜೆ ಅವರನ್ನು ಬಲಿಪೀಠದ ಮುಂದೆ ನಿಲ್ಲಿಸಿ, ಶಿಲುಬೆಯ ಮೇಲೆ ಕೈ ಇರಿಸಿಸಿ, "ದೇವರಿಗೆ ಮಾತು ಕೊಡಿ ಮೇಷ್ಟ್ರೇ, ಚಟ ತಾನಾಗಿ ಬಿಟ್ಟುಹೋಗುತ್ತದೆ" ಎಂದೆ. ಅವರು ನಡುಗುವ ದನಿಯಲ್ಲಿ ಮಾತು ಕೊಟ್ಟರು. ಒಂದು ಆತ್ಮವನ್ನೂ ಒಂದು ಹೃದಯವನ್ನೂ ಒಟ್ಟಿಗೆ ಉಳಿಸಿದೆನೆಂದು ನಾನು ಸಂತೋಷಪಟ್ಟೆ.

ಮುಂದಿನ ಭಾನುವಾರ ಅವರು ಬಂದರು. ಅದರ ಮುಂದಿನ ಭಾನುವಾರ ಬರಲಿಲ್ಲ. ವಿಶ್ರಾಂತಿಯಲ್ಲಿರಬೇಕೆಂದು ನಾನು ಸುಮ್ಮನಾದೆ. ಶುಭಶುಕ್ರವಾರದ ಆರಾಧನೆಯಲ್ಲೂ ಅವರು ಕಾಣದಿದ್ದಾಗ ಮನಸ್ಸು ತಡೆಯಲಿಲ್ಲ. ಪಾಸ್ಕಹಬ್ಬದ ಮರುದಿನ ಅವರ ಮನೆಗೆ ಹೋದೆ. ಬಾಗಿಲಲ್ಲೇ ಅವರ ಪತ್ನಿ ಕಣ್ಣೊರೆಸಿಕೊಂಡರು. "ಸ್ವಾಮಿ, ಊಟ ಸೇರುತ್ತಿಲ್ಲ. ರಾತ್ರಿ ಮೂರು ಗಂಟೆಗೇ ಎದ್ದು ಕತ್ತಲಲ್ಲಿ ಕುಳಿತಿರುತ್ತಾರೆ. ನಾಲ್ಕು ದಿನದಿಂದ ಮಾತ್ರೆಯನ್ನೂ ಮುಟ್ಟಿಲ್ಲ" ಎಂದರು.

ಒಳಗೆ ಹಾರ್ಮೋನಿಯಂ ಪೆಟ್ಟಿಗೆಯ ಮೇಲೆ ಧೂಳು ಕುಳಿತಿತ್ತು. ಮೇಷ್ಟ್ರು ನನ್ನ ಮುಖ ನೋಡಲಿಲ್ಲ. ಬಹಳ ಹೊತ್ತಿನ ಮೇಲೆ, "ಒಂಬತ್ತನೆಯ ದಿನವೇ ಸೇದಿಬಿಟ್ಟೆ ಫಾದರ್. ದೇವರಿಗೆ ಕೊಟ್ಟ ಮಾತನ್ನು ಮುರಿದವನು ನಾನು. ಪರಮಪ್ರಸಾದಕ್ಕೆ ಯಾವ ಮುಖ ಹೊತ್ತು ಬರಲಿ? ಈ ಮಾತ್ರೆ ನುಂಗಿ ಯಾರನ್ನು ಉಳಿಸಬೇಕು?" ಎಂದರು.

ನಾನು ಕೊಟ್ಟ ಔಷಧವೇ ಅವರಿಗೆ ವಿಷವಾಗಿತ್ತು. ಬೀಡಿಯ ಮೇಲೆ ಪಾಪಭೀತಿಯ ಭಾರವನ್ನೂ ನಾನು ಹೊರಿಸಿದ್ದೆ. ಸ್ಟೆಂಟ್ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸಿದರೆ, ಸ್ಟೆಂಟಿನೊಳಗೇ ರಕ್ತ ಗಟ್ಟಿಯಾಗಿ ಪ್ರಾಣಕ್ಕೆ ಎರವಾಗಬಹುದು. ಅಂದು ನನಗೆ ಅದೂ ತಿಳಿದಿರಲಿಲ್ಲ. ನಮ್ಮ ಕಾನ್ವೆಂಟಿನಲ್ಲಿ ದಾದಿಯಾಗಿದ್ದ ಸಿಸ್ಟರ್ ಒಬ್ಬರನ್ನು ಕರೆಸಿದೆ. ಅವರು ಗದರಿಸಲಿಲ್ಲ. ಪಕ್ಕದಲ್ಲಿ ಕುಳಿತು ಎರಡೇ ಪ್ರಶ್ನೆ ಕೇಳಿದರು: ಕಳೆದ ಎರಡು ವಾರಗಳಲ್ಲಿ ಮನಸ್ಸು ಕುಗ್ಗಿ, ಭರವಸೆಯೇ ಇಲ್ಲವೆನಿಸುತ್ತಿದೆಯೇ? ಮೊದಲು ಇಷ್ಟವಾಗಿದ್ದ ಕೆಲಸಗಳಲ್ಲಿ ಆಸಕ್ತಿ ಹೋಗಿದೆಯೇ? ಮೇಷ್ಟ್ರು ಹಾರ್ಮೋನಿಯಂ ಕಡೆಗೆ ನೋಡಿ ತಲೆಯಾಡಿಸಿದರು. ಸಾಯಬೇಕೆನಿಸುತ್ತಿದೆಯೇ ಎಂದೂ ಸಿಸ್ಟರ್ ನೇರವಾಗಿ ಕೇಳಿದರು. ಹಾಗೆ ಕೇಳುವುದು ಆ ಯೋಚನೆಯನ್ನು ತಲೆಯಲ್ಲಿ ಬಿತ್ತಿದಂತಾಗದೆಂದೂ, ಬಾಯಿಬಿಟ್ಟು ಹೇಳಿಕೊಳ್ಳಲು ದಾರಿಯಾಗುತ್ತದೆಂದೂ ನಾನು ಕಲಿತದ್ದು ಅಂದೇ. ಅದೇ ದಿನ ಅವರನ್ನು ಹೃದ್ರೋಗ ತಜ್ಞರ ಬಳಿಗೆ, ಆ ವಾರದಲ್ಲೇ ಮನೋವೈದ್ಯರ ಬಳಿಗೆ ಕರೆದೊಯ್ದೆವು.

ಆ ಬಳಿಕ ವೈದ್ಯರಿಂದಲೂ ಓದಿನಿಂದಲೂ ತಿಳಿದುಕೊಂಡದ್ದನ್ನು ಪ್ರಿಯ ಓದುಗರ ಮುಂದಿಡುತ್ತೇನೆ. ಹೃದಯಾಘಾತವಾದವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಚಿಕಿತ್ಸೆ ಬೇಕಾಗುವಷ್ಟು ಖಿನ್ನತೆ ಕಾಣಿಸಿಕೊಳ್ಳುತ್ತದೆ. ಇದು ಭಕ್ತಿಯ ಕೊರತೆಯಲ್ಲ, ಮನೋದೌರ್ಬಲ್ಯವೂ ಅಲ್ಲ. ಹೃದಯಾಘಾತದ ನಂತರದ ಖಿನ್ನತೆಯನ್ನು ರೋಗಿಯ ಚೇತರಿಕೆಗೆ ಅಪಾಯ ತರುವ ಅಂಶವೆಂದು ಪರಿಗಣಿಸಬೇಕೆಂದು ಅಮೆರಿಕದ ಹೃದಯ ಸಂಘವು 2014ರಲ್ಲಿ ಶಿಫಾರಸು ಮಾಡಿತು. ಕುಗ್ಗಿದ ಮನಸ್ಸು ಮಾತ್ರೆಯನ್ನು ಮರೆಯುತ್ತದೆ, ನಡಿಗೆಯನ್ನು ನಿಲ್ಲಿಸುತ್ತದೆ, ಬೀಡಿಯ ಕಡೆಗೆ ಮತ್ತೆ ಕೈ ಚಾಚುತ್ತದೆ. ಹೃದ್ರೋಗಿಗಳಿಗೆ ಸುರಕ್ಷಿತವಾದ ಖಿನ್ನತೆಯ ಔಷಧಗಳಿವೆ. ಎಲ್ಲವೂ ಹಾಗಲ್ಲವಾದ್ದರಿಂದ ವೈದ್ಯರೇ ಆರಿಸಿಕೊಡಬೇಕು.

ಬೀಡಿ ಬಿಟ್ಟರೆ ಮನಸ್ಸು ಇನ್ನಷ್ಟು ಹದಗೆಡುತ್ತದೆಂಬ ಭಯ ಹಲವರಿಗಿದೆ. ಮೊದಲ ದಿನಗಳಲ್ಲಿ ಸಿಡುಕು, ನಿದ್ರಾಹೀನತೆ, ಬೇಸರ ಉಂಟಾಗುವುದು ನಿಜ. ಅವು ಮೊದಲ ವಾರದಲ್ಲಿ ಹೆಚ್ಚಾಗಿ, ಎರಡರಿಂದ ನಾಲ್ಕು ವಾರಗಳಲ್ಲಿ ಇಳಿಯುತ್ತವೆ. ಆದರೆ 2014ರಲ್ಲಿ ಬ್ರಿಟನ್ನಿನ ಪ್ರಮುಖ ವೈದ್ಯಕೀಯ ನಿಯತಕಾಲಿಕವೊಂದರಲ್ಲಿ ಪ್ರಕಟವಾದ, ಹಲವು ಅಧ್ಯಯನಗಳ ಪರಿಶೀಲನೆಯು ಬೇರೆಯದನ್ನೇ ತೋರಿಸಿತು. ಧೂಮಪಾನ ಬಿಟ್ಟವರಲ್ಲಿ, ಮುಂದುವರಿಸಿದವರಿಗೆ ಹೋಲಿಸಿದರೆ, ಕಾಲಕ್ರಮೇಣ ಆತಂಕ ಮತ್ತು ಖಿನ್ನತೆ ಕಡಿಮೆಯಾಗಿದ್ದವು. ಹೃದಯಕ್ಕಂತೂ ಲಾಭ ಸ್ಪಷ್ಟ. ಬಿಟ್ಟು ಒಂದು ವರ್ಷವಾದಾಗ ಹೃದ್ರೋಗದ ಅಪಾಯವು ಸೇದುತ್ತಲೇ ಇರುವವರ ಅಪಾಯದ ಸುಮಾರು ಅರ್ಧಕ್ಕೆ ಇಳಿಯುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ತಂಬಾಕಿನ ಬಗ್ಗೆ ಧರ್ಮಸಭೆಯ ಚಿಂತೆ ಹೊಸತೇನಲ್ಲ. ಸೆವಿಲ್ಲೆ ಧರ್ಮಪ್ರಾಂತ್ಯದ ದೇವಾಲಯಗಳಲ್ಲಿ ತಂಬಾಕು ಬಳಸಕೂಡದೆಂದು ಎಂಟನೆಯ ಅರ್ಬನ್ ಪೋಪರು 1642ರಲ್ಲಿ ಆಜ್ಞೆ ಹೊರಡಿಸಿದ್ದರು. ಪೋಪ್ ಫ್ರಾನ್ಸಿಸರ ತೀರ್ಮಾನದಂತೆ 2018ರಿಂದ ವ್ಯಾಟಿಕನ್ನಿನಲ್ಲಿ ಸಿಗರೇಟ್ ಮಾರಾಟವೇ ನಿಂತಿತು. ನಿಷೇಧಗಳು ಬೇಕು. ಆದರೆ ನಿಷೇಧವೊಂದೇ ರೋಗಿಯ ಮಂಚದ ಪಕ್ಕದಲ್ಲಿ ಕುಳಿತು ಸಂತೈಸಲಾರದು.

ಆ ದಿನಗಳಲ್ಲಿ ನನ್ನ ಪ್ರಾರ್ಥನೆಗೆ ಮತ್ತೆ ಮತ್ತೆ ಬಂದದ್ದು ಅರಸುಗಳ ಪ್ರಥಮ ಗ್ರಂಥದ 19ನೆಯ ಅಧ್ಯಾಯ. ಕರ್ಮೆಲ್ ಬೆಟ್ಟದಲ್ಲಿ ಆಕಾಶದಿಂದ ಬೆಂಕಿ ಇಳಿಸಿದ ಪ್ರವಾದಿ ಎಲೀಯ, ಕೆಲವೇ ದಿನಗಳಲ್ಲಿ ಪ್ರಾಣಭಯದಿಂದ ಮರುಭೂಮಿಗೆ ಓಡಿಹೋಗಿ, ಜಾಲಿಗಿಡದ ಕೆಳಗೆ ಕುಸಿದು ಸಾವನ್ನು ಬೇಡುತ್ತಾನೆ. ಇಷ್ಟು ದೊಡ್ಡ ಪ್ರವಾದಿಗೆ ಇಂಥ ಅವಿಶ್ವಾಸವೇ ಎಂದು ದೇವರು ಹಂಗಿಸುವುದಿಲ್ಲ. ಆಣೆ ಕೇಳುವುದಿಲ್ಲ. ಅವನನ್ನು ಮಲಗಗೊಡುತ್ತಾರೆ. ದೂತನೊಬ್ಬ ಅವನನ್ನು ಮುಟ್ಟಿ ಎಬ್ಬಿಸಿ, ಕೆಂಡದ ಮೇಲೆ ಸುಟ್ಟ ರೊಟ್ಟಿಯನ್ನೂ ತಂಬಿಗೆ ನೀರನ್ನೂ ಕೊಡುತ್ತಾನೆ. ಅವನು ತಿಂದು ಮತ್ತೆ ಮಲಗಿಬಿಡುತ್ತಾನೆ. ದೂತ ಎರಡನೆಯ ಸಲವೂ ಬರುತ್ತಾನೆ. ಆ ಎರಡನೆಯ ಸಲವೇ ನನ್ನ ಕಣ್ಣು ತೆರೆಸಿತು. ಗುರುಮಠದಲ್ಲಿ ಈ ಭಾಗವನ್ನು ಓದಿ ಪರೀಕ್ಷೆ ಬರೆದಿದ್ದೆನಾದರೂ ರೊಟ್ಟಿಯ ಬೆಲೆ ಅಂದು ತಿಳಿದಿರಲಿಲ್ಲ.

ಮೇಷ್ಟ್ರ ಮನೆಗೆ ಮತ್ತೆ ಹೋಗಿ ಅವರಲ್ಲಿ ಕ್ಷಮೆ ಕೇಳಿದೆ. ಧರ್ಮಸಭೆಯ ಕಾನೂನು ಸಂಹಿತೆಯ 1196ನೆಯ ವಿಧಿಯು ಖಾಸಗಿ ಹರಕೆಗಳಿಂದ ನ್ಯಾಯವಾದ ಕಾರಣಕ್ಕಾಗಿ ಬಿಡುಗಡೆ ನೀಡುವ ಅಧಿಕಾರವನ್ನು ಧರ್ಮಕೇಂದ್ರದ ಗುರುವಿಗೆ ಕೊಟ್ಟಿದೆ. ಅವರಿಂದ ನಾನೇ ಪಡೆದಿದ್ದ ಮಾತಿನಿಂದ ನಾನೇ ಅವರನ್ನು ಬಿಡಿಸಿದೆ. ಅವರು ಮಗುವಿನಂತೆ ಅತ್ತರು. ಪಾಪನಿವೇದನೆ ಮಾಡಿ ಪರಮಪ್ರಸಾದ ಸ್ವೀಕರಿಸಿದರು.

ಅನಂತರದ ಹೋರಾಟ ಸಣ್ಣಸಣ್ಣ ಹೆಜ್ಜೆಗಳದು. ವೈದ್ಯರು ನಿಕೋಟಿನ್ ಗಮ್ ಬರೆದುಕೊಟ್ಟು, ಅದನ್ನು ನಿಧಾನವಾಗಿ ಅಗಿದು ದವಡೆಯ ಬದಿಯಲ್ಲಿ ಇರಿಸಿಕೊಳ್ಳುವ ಕ್ರಮವನ್ನು ಕಲಿಸಿದರು. ಮಾತ್ರೆಗಳನ್ನು ಪತ್ನಿ ಎಣಿಸಿಕೊಟ್ಟರು. ಸೇದಬೇಕೆಂಬ ತುಡಿತ ಸಾಮಾನ್ಯವಾಗಿ ಕೆಲವು ನಿಮಿಷಗಳಷ್ಟೇ ಇರುತ್ತದೆಂದು ತಿಳಿದು, ಆ ನಿಮಿಷಗಳನ್ನು ಜಪಸರದ ಒಂದು ದಶಕದಿಂದ ದಾಟುವುದನ್ನು ಅವರು ತಾವೇ ಕಂಡುಕೊಂಡರು. ಭಾನುವಾರ ಹುಣಸೆಮರದಡಿಯ ಆ ಹೊತ್ತಿಗೆ ಸರಿಯಾಗಿ ಧರ್ಮೋಪದೇಶದ ಮಕ್ಕಳಿಗೆ ಹಾಡು ಕಲಿಸುವಂತೆ ಕೇಳಿಕೊಂಡೆವು. ಎರಡು ಬಾರಿ ಅವರು ಮತ್ತೆ ಸೇದಿದರು. ಎರಡು ಬಾರಿಯೂ ತಾವಾಗಿಯೇ ಬಂದು ಹೇಳಿದರು. "ಮೇಷ್ಟ್ರೇ, ಇವತ್ತಿನಿಂದ ಮತ್ತೆ ಶುರು ಮಾಡೋಣ" ಎಂದೆ, ಅಷ್ಟೇ. ಆ ವರ್ಷದ ಕ್ರಿಸ್ಮಸ್ ರಾತ್ರಿ ಹಾರ್ಮೋನಿಯಂ ಮತ್ತೆ ನುಡಿಯಿತು.

ನಿಮ್ಮ ಮನೆಯಲ್ಲಿ ಇಂಥ ರೋಗಿಯಿದ್ದರೆ ಆಣೆ ಪ್ರಮಾಣಗಳಿಂದ ಅವರನ್ನು ಕಟ್ಟಿಹಾಕಬೇಡಿ. ಬೀಡಿ ಬಿಟ್ಟಿರಾ ಎಂಬ ಪ್ರಶ್ನೆಗಿಂತ ಮೊದಲು ನಿದ್ರೆ ಬಂತೇ, ಊಟ ಸೇರಿತೇ ಎಂದು ಕೇಳಿರಿ. ಎರಡು ವಾರ ಮೀರಿದ ಬೇಸರವನ್ನು ವೈದ್ಯರಿಗೆ ತಪ್ಪದೆ ತಿಳಿಸಿರಿ. ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಸಹಾಯವಾಣಿ 1800-11-2356. ಮಾನಸಿಕ ಆರೋಗ್ಯಕ್ಕಾಗಿ 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಂಖ್ಯೆ 14416. ಎರಡಕ್ಕೂ ಕರೆ ಉಚಿತ. ಸಾಯುವ ಮಾತು ಬಾಯಿಗೆ ಬಂದರೆ ಅವರನ್ನು ಒಂಟಿಯಾಗಿ ಬಿಡದೆ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಎಲೀಯನಿಗೆ ಮುಂದೆ ನಲವತ್ತು ದಿನಗಳ ದಾರಿಯಿತ್ತು. ಅದನ್ನು ಅವನು ನಡೆದದ್ದು ಆ ರೊಟ್ಟಿಯ ಬಲದಿಂದ. ಜಾಲಿಗಿಡದ ನೆರಳಿನಲ್ಲಿ ಕುಸಿದಿರುವವರ ಬಳಿಗೆ ರೊಟ್ಟಿ ಹಿಡಿದು ಹೋಗುವ, ಬೇಕಾದರೆ ಎರಡನೆಯ ಸಲವೂ ಹೋಗುವ ತಾಳ್ಮೆಯನ್ನು ದಯಾಮಯ ದೇವರು ನಮ್ಮ ಕುಟುಂಬಗಳಿಗೂ, ನನ್ನಂಥ ಗುರುಗಳಿಗೂ ಅನುಗ್ರಹಿಸಲಿ.