ಸೂಪಶಾಸ್ತ್ರದ ಹಿತ್ತಲು

ಸಂಪಾದಕ ಮಂಡಳಿಯ ಮಿತ್ರರು ಈ ಸ್ಮರಣ ಸಂಚಿಕೆಗಾಗಿ ನನ್ನಿಂದ ಅಪೇಕ್ಷಿಸಿದ್ದು ಷಟ್ಪದಿಯ ಛಂದಸ್ಸನ್ನು ಕುರಿತ ಲೇಖನವೊಂದನ್ನು. ಅದಕ್ಕೆ ಬದಲಾಗಿ ನಾನು ಬದನೆ, ಕಳಲೆ, ಕೆಸುವಿನ ಎಲೆಗಳ ವಿಷಯವನ್ನು ಬರೆದುಕೊಟ್ಟರೆ ಅವರು ಮುನಿಯಲಾರರೆಂದು ನಂಬಿದ್ದೇನೆ. ಏಕೆಂದರೆ ನಾನು ಹೇಳಹೊರಟಿರುವ ಬದನೆ ಮೊದಲು ಬೆಳೆದದ್ದು ವಾರ್ಧಕ ಷಟ್ಪದಿಯಲ್ಲಿಯೇ.

ಮೂರನೆಯ ಮಂಗರಸನ ಹೆಸರು ವಾಚಕರಲ್ಲಿ ಅನೇಕರಿಗೆ ಪರಿಚಿತವಾಗಿರಬಹುದು. 'ಸಮ್ಯಕ್ತ್ವ ಕೌಮುದಿ', 'ಜಯನೃಪಕಾವ್ಯ', 'ನೇಮಿಜಿನೇಶ ಸಂಗತಿ' ಮೊದಲಾದ ಜೈನಕಾವ್ಯಗಳನ್ನು ರಚಿಸಿದ ಈತನು ಇಂದಿನ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಪ್ರಭು. ಕಾಲ ಸುಮಾರು 1508. ಚಂಗಾಳ್ವ ಅರಸರ ಸಚಿವರ ಕುಲದಲ್ಲಿ ಹುಟ್ಟಿದವನು. ಆ ಚಂಗಾಳ್ವರ ಆಳ್ವಿಕೆಯಾದರೋ ಪಿರಿಯಾಪಟ್ಟಣ, ಬೆಟ್ಟದಪುರಗಳಿಂದ ನಮ್ಮ ಕೊಡಗಿನ ಮೂಡಣ ಸೀಮೆಯವರೆಗೆ ಹಬ್ಬಿತ್ತು; ಕಾವೇರಿಯ ದಡದ ನಂಜರಾಯಪಟ್ಟಣ ಆ ಮನೆತನದ ನೆನಪನ್ನು ಇಂದಿಗೂ ಹೆಸರಿನಲ್ಲಿ ಹೊತ್ತುಕೊಂಡಿದೆ. ಆದುದರಿಂದ ಮಂಗರಸನು ನಮಗೆ ಪರದೇಶದ ಕವಿಯಲ್ಲ, ನೆರೆಮನೆಯವನು. ಈತನು ಕಾವ್ಯಗಳ ಜೊತೆಗೆ 'ಸೂಪಶಾಸ್ತ್ರ'ವೆಂಬ ಪಾಕಗ್ರಂಥವನ್ನೂ ಬರೆದನು. ಭಕ್ಷ್ಯ, ಪಾನಕ, ಅನ್ನಗಳ ಅಧ್ಯಾಯಗಳು ಮುಗಿದ ಮೇಲೆ ಕವಿಯು ಶಾಕಪಾಕಕ್ಕೆ ಕೈಹಾಕಿ ಬದನೆ, ಬಾಳೆ, ಹಲಸು, ಕಳಲೆ, ನೆಲ್ಲಿ ಇವುಗಳನ್ನು ಬಗೆಬಗೆಯಾಗಿ ಅಡುವ ಕ್ರಮವನ್ನು ವಿಸ್ತಾರವಾಗಿ ಹೇಳುತ್ತಾನೆ. ಮಾಂಸದ ಮಾತು ಅದರಲ್ಲಿಲ್ಲ.

ವಿದ್ವತ್ ತರಗತಿಯಲ್ಲಿ ಇಂಥ ಗ್ರಂಥಗಳನ್ನು ಓದುವಾಗ ನಮಗೊಂದು ಕಷ್ಟವಿತ್ತು. ಅಪರಿಚಿತವಾದ ಗಿಡದ ಹೆಸರೊಂದು ಬಂದೊಡನೆ ನಿಘಂಟನ್ನು ತೆರೆಯುವೆವು. ನಿಘಂಟು 'ಶಾಕವಿಶೇಷ' ಎಂದೋ 'ಒಂದು ಬಗೆಯ ಗಿಡ' ಎಂದೋ ಹೇಳಿ ಸುಮ್ಮನಾಗುವುದು. ನಾವೂ ಅದನ್ನೇ ಬರೆದುಕೊಂಡು ಮುಂದಿನ ಪದ್ಯಕ್ಕೆ ಹೋಗುತ್ತಿದ್ದೆವು. ಪರೀಕ್ಷೆಗೆ ಅಷ್ಟು ಸಾಕಾಗಿತ್ತು. ಆದರೆ ವಾಸ್ತುಕವೆಂದರೆ ಸಂತೆಯಲ್ಲಿ ಕಟ್ಟುಕಟ್ಟಾಗಿ ಮಾರುವ ಚಕ್ರವರ್ತಿಸೊಪ್ಪು ಎಂಬುದು ನನಗೆ ತಿಳಿದದ್ದು ನಿಘಂಟಿನಿಂದಲ್ಲ, ಸೊಪ್ಪು ಮಾರುವ ಹೆಂಗಸಿನ ಬುಟ್ಟಿಯಿಂದ.

ನಮ್ಮ ಪ್ರೌಢಶಾಲೆಯ ಹಿಂಭಾಗದಲ್ಲಿ, ದಾಸೋಹದ ಅಡುಗೆಮನೆಯ ಬಚ್ಚಲ ನೀರು ಹರಿದುಹೋಗುವ ಕಡೆ, ಹತ್ತು ಗುಂಟೆಯಷ್ಟು ನೆಲ ಕಳೆಗಿಡಗಳಿಂದ ತುಂಬಿ ಪಾಳುಬಿದ್ದಿತ್ತು. 2016ರಲ್ಲಿ ಪೂಜ್ಯ ಶ್ರೀಗಳವರ ಸನ್ನಿಧಿಯಲ್ಲಿ ನನ್ನ ಬಯಕೆಯನ್ನು ಅರಿಕೆ ಮಾಡಿಕೊಂಡೆನು: ಮಂಗರಸನ ಕಾಲದ ಮನೆಯೊಂದರ ಹಿತ್ತಲಿನಲ್ಲಿ ಯಾವ ಯಾವ ಕಾಯಿ, ಸೊಪ್ಪು, ಗೆಡ್ಡೆಗಳು ಇರಬಹುದಾಗಿತ್ತೋ ಅವನ್ನೇ, ಅವನ್ನು ಮಾತ್ರವೇ, ಅಲ್ಲಿ ಬೆಳೆಸಬೇಕು. ಆಡಳಿತ ಸಮಿತಿಯ ಹಿರಿಯರೊಬ್ಬರು, "ಆ ಜಾಗದಲ್ಲಿ ನಾಲ್ಕು ಸಾಲು ಕಾಫಿ ಹಾಕಿದರೆ ಮಠಕ್ಕೆ ಆದಾಯವಾದರೂ ಬರುತ್ತದೆ, ಪಂಡಿತರೇ" ಎಂದರು. ಕೊಡಗಿನ ಕಾಫಿಯೂ ಹೊರಗಿನಿಂದ ಬಂದದ್ದೇ, ಯುರೋಪಿಯನ್ ಪ್ಲಾಂಟರು ಮಡಿಕೇರಿಯ ಬಳಿ ತೋಟ ತೆರೆದದ್ದು 1854ರಲ್ಲಿ ಎಂದು ನಾನು ಬಿನ್ನವಿಸಿದೆನು. ಶ್ರೀಗಳವರು ನಕ್ಕು, "ಮೂರು ವರ್ಷ ಮಾಡಿ ನೋಡಿ" ಎಂದು ಅಪ್ಪಣೆ ಕೊಡಿಸಿದರು.

ಹಾಲೇರಿ ಅರಸರ ಕಾಲದ ತೋಟವನ್ನೇ ಏಕೆ ಮಾಡಬಾರದೆಂದು ಕೆಲವರು ಕೇಳಿದ್ದುಂಟು. ವೀರಶೈವ ಅರಸರು, ನಮ್ಮ ನಾಡನ್ನು 1834ರವರೆಗೆ ಆಳಿದವರು, ಪ್ರಶ್ನೆ ಸಹಜವೇ. ಆದರೆ ಅವರ ಕಾಲಕ್ಕೆ ಪೋರ್ಚುಗೀಸರ ಹಡಗುಗಳಿಂದ ಇಳಿದ ಕಾಯಿಪಲ್ಯಗಳು ಘಟ್ಟವನ್ನು ಹತ್ತತೊಡಗಿದ್ದವು. ವಾಸ್ಕೊ ಡ ಗಾಮನು ಮಲಬಾರಿಗೆ ಬಂದದ್ದು 1498ರಲ್ಲಿ. ಗೋವೆ ಪೋರ್ಚುಗೀಸರ ಕೈಸೇರಿದ್ದು 1510ರಲ್ಲಿ. ಮಂಗರಸನು ಸರಿಯಾಗಿ ಆ ಹೊಸ್ತಿಲ ಮೇಲೆ ನಿಂತಿದ್ದಾನೆ. ಅವನ ಒಲೆಯ ಮೇಲಿನ ಖಾರವೆಲ್ಲ ಮೆಣಸು, ಶುಂಠಿ, ಹಿಪ್ಪಲಿಗಳಂಥವುಗಳದೇ.

ಯಾವುದನ್ನು ನೆಡಬಾರದೆಂದು ಪಟ್ಟಿ ಮಾಡಲು ಕುಳಿತಾಗ ಮಕ್ಕಳ ಬೆರಗಿಗೆ ಪಾರವಿರಲಿಲ್ಲ. ಟೊಮ್ಯಾಟೊ ಇಲ್ಲ, ಆಲೂಗಡ್ಡೆ ಇಲ್ಲ, ಬೀನ್ಸ್ ಇಲ್ಲ, ಸಿಹಿಗುಂಬಳವಿಲ್ಲ, ಮರಗೆಣಸಿಲ್ಲ, ಕಡಲೆಕಾಯಿಯಿಲ್ಲ. ಇವೆಲ್ಲವೂ ಅಮೆರಿಕ ಖಂಡದವು. ಪರಂಗಿಹಣ್ಣು ತನ್ನ ಕುಲವನ್ನು ಹೆಸರಿನಲ್ಲಿಯೇ ಸಾರುತ್ತಿದೆ, ಸೀಮೆಬದನೆಯೂ ಹಾಗೆಯೇ. ಎಲ್ಲಕ್ಕಿಂತ ಹೆಚ್ಚಿನ ಆಶ್ಚರ್ಯವಾದದ್ದು ಕಾಡುಕೊತ್ತಂಬರಿಯ ವಿಷಯದಲ್ಲಿ. ನಮ್ಮ ಕೊಡಗಿನ ಮನೆಮನೆಯ ಬಚ್ಚಲ ಬದಿಯಲ್ಲಿ ತಾನಾಗಿ ಬೆಳೆಯುವ, 'ಕಾಡು' ಎಂಬ ಬಿರುದನ್ನು ಧರಿಸಿರುವ ಆ ಮುಳ್ಳಂಚಿನ ಎಲೆಯೂ ಅಮೆರಿಕ ಖಂಡದಿಂದ ಬಂದ ಅತಿಥಿಯೇ! ಹುಡುಗಿಯೊಬ್ಬಳು, "ಸರ್, ನಮ್ಮ ಅಜ್ಜಿಗೆ ಹೇಳಿದರೆ ನಂಬುವುದಿಲ್ಲ" ಎಂದಳು. ಬೇಲಿಯ ವಿಷಯವೂ ಹೀಗೆಯೇ ಆಯಿತು. ಗೊಬ್ಬರದ ಗಿಡ ಅಮೆರಿಕದ್ದು, ಲಂಟಾನವೂ ಅಮೆರಿಕದ್ದು, ಸಿಲ್ವರ್ ಓಕ್ ಆಸ್ಟ್ರೇಲಿಯದ್ದು. ಕಡೆಗೆ ಹಾಲುವಾಣದ ಕೊಂಬೆಗಳನ್ನು ನೆಟ್ಟು ಅವುಗಳಿಗೆ ಮೆಣಸಿನ ಬಳ್ಳಿಯನ್ನು ಹಬ್ಬಿಸಿದೆವು.

ಈ ಮೆಣಸಿನ ಹೆಸರಿನ ಕಥೆಯನ್ನು ಹೇಳದೆ ಮುಂದೆ ಹೋಗಲು ಭಾಷಾಧ್ಯಾಪಕನಾದ ನನಗೆ ಮನಸ್ಸು ಬಾರದು. ಮೆಣಸು ಎಂದರೆ ಮರೀಚ, ಬಳ್ಳಿಯಲ್ಲಿ ಬಿಡುವ ಕಾಳು. ಸಮುದ್ರದಾಚೆಯಿಂದ ಇನ್ನೊಂದು ಖಾರದ ಕಾಯಿ ಬಂದಾಗ ಜನರು ಅದಕ್ಕೆ ಹೊಸ ಹೆಸರನ್ನು ಹುಡುಕದೆ 'ಮೆಣಸಿನಕಾಯಿ' ಎಂದರು. ಷಷ್ಠೀ ತತ್ಪುರುಷವಾಗಿ ವಿಗ್ರಹಿಸಿದರೆ ಅದರ ಅರ್ಥ ಮೆಣಸಿನ ಬಳ್ಳಿಯ ಕಾಯಿ ಎಂದಾಗಬೇಕು. ಪದಾರ್ಥಕ್ಕೂ ಪದಕ್ಕೂ ಸಂಬಂಧವೇ ಇಲ್ಲ. ಬಂದವನು ಮನೆಯನ್ನೇ ಹಿಡಿದುಕೊಂಡನು. ಈಗ ಹಳೆಯ ಯಜಮಾನನು ತನ್ನ ಗುರುತಿಗಾಗಿ ಕಾಳುಮೆಣಸು, ಕರಿಮೆಣಸು ಎಂದು ವಿಶೇಷಣವನ್ನು ಕಟ್ಟಿಕೊಂಡು ತಿರುಗಬೇಕಾಗಿದೆ. ಕರಾವಳಿಯವರು ಮಾತ್ರ ಅದನ್ನು 'ಒಳ್ಳೆಮೆಣಸು' ಎಂದು ಕರೆದು ಹಳೆಯ ಮರ್ಯಾದೆಯನ್ನು ಉಳಿಸಿದ್ದಾರೆ.

ಬೀಜ ಸಂಗ್ರಹವೇ ನಿಜವಾದ ಪರಿಶ್ರಮದ ಕೆಲಸ. ಅಂಗಡಿಯ ಪೊಟ್ಟಣಗಳಲ್ಲಿ ದೊರೆಯುವ ಮಿಶ್ರತಳಿಗಳಿಂದ ನಮಗೆ ಪ್ರಯೋಜನವಿರಲಿಲ್ಲ. ಶನಿವಾರಸಂತೆಯ ಸಂತೆಯಲ್ಲಿ, ಸೋಮವಾರಪೇಟೆಯ ಸಂತೆಯಲ್ಲಿ ಹಳ್ಳಿಯ ಹೆಂಗಸರನ್ನು ವಿಚಾರಿಸುತ್ತ ನಡೆದೆನು. ಹೀರೆ, ಪಡವಲ, ಸೋರೆ, ಹಾಗಲ, ಬೂದುಗುಂಬಳ, ಅವರೆ, ಅಲಸಂದೆ, ಹರಿವೆ, ಬಸಳೆ ಒಂದೊಂದಾಗಿ ಬಂದವು. ಸುವರ್ಣಗಡ್ಡೆಯನ್ನು ಮಕ್ಕಳೇ ತಂದರು (ಮುಳ್ಳುಹಂದಿಗೆ ಆ ಸುದ್ದಿ ನಮಗಿಂತ ಮೊದಲೇ ತಿಳಿದಂತಿತ್ತು). ಒಂದೆಲಗ, ಕೆಸು, ಹೊನಗೊನ್ನೆಗಳನ್ನು ತರಬೇಕಾಗಲಿಲ್ಲ, ಅಲ್ಲಿಯೇ ಇದ್ದವು. ನಮ್ಮ ಘಟ್ಟದ ಮದ್ದುಸೊಪ್ಪನ್ನು ಒಂದು ಮೂಲೆಯಲ್ಲಿ ಬೆಳೆಸಿದೆವು. ವಾದಿರಾಜ ಯತಿಗಳ ಹೆಸರಿನೊಡನೆ ಸೇರಿಬಂದಿರುವ, 2011ರಲ್ಲಿ ಭೌಗೋಳಿಕ ಮಾನ್ಯತೆ ಪಡೆದ ಉಡುಪಿ ಸೀಮೆಯ ಮಟ್ಟುಗುಳ್ಳದ ಸಸಿಗಳನ್ನೂ ತರಿಸಿ ನೆಟ್ಟೆವು. ಕಡಲ ತಡಿಯ ಆ ಬದನೆಗೆ ನಮ್ಮ ಜಡಿಮಳೆ ಒಗ್ಗಲಿಲ್ಲ.

ಒಳ್ಳೆಯ ಬದನೆ ದೊರೆತದ್ದು ಮಾದಾಪುರದ ಆಚೆಯ ಬೆಟ್ಟದೂರಿನಿಂದ, ನಮ್ಮ ವಿದ್ಯಾರ್ಥಿಯೊಬ್ಬನ ಅಜ್ಜಿಯಿಂದ. ದುಂಡಗಿನ ಕಾಯಿ, ಹಸಿರು ಮೈಯ ಮೇಲೆ ಬಿಳಿಯ ಗೆರೆ, ತೊಟ್ಟಿನಲ್ಲಿ ಮುಳ್ಳು. ಒಣಗಿದ ಸೋರೆಬುರುಡೆಯಲ್ಲಿ ಬೂದಿಯೊಡನೆ ಬೀಜವನ್ನು ಕಾಪಾಡಿಕೊಂಡು ಬಂದಿದ್ದರು. "ಎಷ್ಟು ಕೊಡಲಿ ಅಜ್ಜೀ?" ಎಂದುದಕ್ಕೆ, "ಇದು ನಮ್ಮತ್ತೆ ಕೊಟ್ಟದ್ದು ಮೇಷ್ಟ್ರೇ, ಮಾರೂದಲ್ಲ. ಹಾಕ್ಕೊಳ್ಳಿ, ಕೆಡಿಸಬೇಡಿ" ಎಂದರು. ಅದು ಮಂಗರಸನು ಉಂಡ ಬದನೆಯ ತಳಿಯೇ ಎಂದು ನಾನು ಪ್ರಮಾಣ ಮಾಡಲಾರೆ. ಅತ್ತೆಯಿಂದ ಸೊಸೆಗೆ ಇಳಿದು ಬಂದದ್ದು ಎಂಬಷ್ಟನ್ನು ಬಲ್ಲೆ.

ಕೃಷಿಕ್ರಮಕ್ಕೂ ಹಳೆಯ ಗ್ರಂಥಗಳ ಆಧಾರವಿಲ್ಲದಿಲ್ಲ. ಎರಡನೆಯ ಚಾವುಂಡರಾಯನ 1025ರ 'ಲೋಕೋಪಕಾರ'ದಲ್ಲಿ ವೃಕ್ಷಾಯುರ್ವೇದವೂ ಸೂಪಶಾಸ್ತ್ರವೂ ಒಂದೇ ಕಟ್ಟಿನಲ್ಲಿವೆ. ಬೆಳೆಯುವವನೂ ಅಡುವವನೂ ಒಂದೇ ಮನೆಯವರೆಂಬ ತಿಳಿವು ನಮ್ಮ ಹಿರಿಯರಿಗಿತ್ತು. ಸುರಪಾಲನ 'ವೃಕ್ಷಾಯುರ್ವೇದ' ಹೇಳುವ ಕುಣಪಜಲಕ್ಕೆ ಮಾಂಸ, ಮಜ್ಜೆಗಳನ್ನು ಕೊಳೆಸಬೇಕು. ಶ್ರೀಮಠದ ಆವರಣದಲ್ಲಿ ಅದಕ್ಕೆ ಅವಕಾಶವಿಲ್ಲವಾದ್ದರಿಂದ ಕೊಟ್ಟಿಗೆಯ ಗೊಬ್ಬರ, ಗಂಜಲ, ಬೂದಿಗಳಿಂದಲೇ ತೃಪ್ತರಾದೆವು.

ತೋಟದ ಮೊದಲ ಫಲ ದೊರೆತದ್ದು ಅಡುಗೆಮನೆಗಲ್ಲ, ತರಗತಿಗೆ. ಹತ್ತನೆಯ ತರಗತಿಯ ಪಾಠದಲ್ಲಿ 'ಬಿಂಬಾಧರ' ಎಂಬ ಪದ ಬಂದಿತು. ತೊಂಡೆಯ ಹಣ್ಣಿನಂಥ ತುಟಿಯುಳ್ಳವಳು ಎಂದು ಅರ್ಥ ಹೇಳಿದೆನು. ಮಕ್ಕಳು ಪರಸ್ಪರ ಮುಖ ನೋಡಿಕೊಂಡರು. ತೊಂಡೆಕಾಯಿ ಹಸಿರಲ್ಲವೇ, ಹಸಿರು ತುಟಿ ಎಂಥ ಸೌಂದರ್ಯ ಎಂಬುದು ಅವರ ಸಂಶಯ. ಕಾಯನ್ನು ಕೊಯ್ದು ತಿನ್ನುವವರು ಹಣ್ಣನ್ನು ಕಾಣುವುದೆಲ್ಲಿ! ಎಲ್ಲರನ್ನೂ ಹಿತ್ತಲಿಗೆ ಕರೆದೊಯ್ದು, ಬೇಲಿಯ ಮೇಲೆ ಹಣ್ಣಾಗಲೆಂದೇ ಬಿಟ್ಟಿದ್ದ ತೊಂಡೆಯನ್ನು ತೋರಿಸಿದೆನು. ಎಲೆಯ ಮರೆಯಲ್ಲಿ ಕೆಂಪಗೆ ಹೊಳೆಯುತ್ತಿತ್ತು. ಸಮಾಸವನ್ನು ಆ ದಿನ ನಾನು ಬಿಡಿಸಿ ಹೇಳಬೇಕಾಗಲಿಲ್ಲ.

ಅಡುಗೆಯ ಅಯ್ಯನವರನ್ನು ಒಪ್ಪಿಸುವುದು ಮಂಗರಸನನ್ನು ಅರ್ಥಮಾಡಿಕೊಳ್ಳುವುದಕ್ಕಿಂತ ಕಠಿಣವಾಯಿತು. "ಮೆಣಸಿನಕಾಯಿ ಇಲ್ಲದ ಸಾರು ಬಡಿಸಿದರೆ ಈ ಹುಡುಗರು ನನ್ನನ್ನೇ ಅರೆದುಬಿಡುತ್ತಾರೆ ಪಂಡಿತರೇ" ಎಂದು ಅವರು ಕೈಮುಗಿದರು. ಆದರೂ 2017ರ ಶ್ರಾವಣದ ಒಂದು ಸೋಮವಾರ ಧೈರ್ಯಮಾಡಿದರು. ತೋಟದಂಚಿನ ಬಿದಿರುಮೆಳೆಯಿಂದ ಕಳಲೆಯನ್ನು ತಂದು, ತೆಳ್ಳಗೆ ಹೆಚ್ಚಿ, ದಿನವೂ ನೀರು ಬದಲಿಸುತ್ತ ಮೂರು ದಿನ ನೆನೆಯಿಟ್ಟು ನಂಜನ್ನು ಕಳೆದದ್ದಾಯಿತು. ಕಳಲೆಗೆ ಮೆಣಸು, ಶುಂಠಿ, ತೆಂಗಿನಕಾಯಿ; ಬಾಳೆಯ ಹೂವಿನ ಪಲ್ಯ; ಕೆಸುವಿನ ಎಲೆಯ ಪತ್ರೊಡೆ; ಒಂದೆಲಗದ ತಂಬುಳಿ. ಹುಳಿಗೆ ಹುಣಸೆ ಮತ್ತು ನಮ್ಮ ಕೊಡಗಿನ ಕಾಚಂಪುಳಿ. ಮಕ್ಕಳಲ್ಲಿ ಅರ್ಧದಷ್ಟು ಮಂದಿ ಎರಡನೆಯ ಸಲ ಬಡಿಸಿಕೊಂಡರು. ಉಳಿದವರು ಉಪ್ಪಿನಕಾಯಿಯನ್ನು ಕೇಳಿದರೆಂಬುದನ್ನೂ ಮರೆಮಾಚದೆ ಹೇಳಬೇಕು. ಮೆಣಸಿನ ಖಾರ ನಾಲಗೆಯನ್ನು ಸುಡದೆ ಗಂಟಲಲ್ಲಿ ಬೆಚ್ಚಗೆ ನಿಲ್ಲುತ್ತದೆ. ಆ ಮಳೆಯ ಚಳಿಗೆ ಅದಕ್ಕಿಂತ ಹಿತವಾದುದನ್ನು ನಾನು ಕಾಣೆ. ಪಾಕಗ್ರಂಥದಲ್ಲಿ ಮೆಣಸಿನ ಹೆಸರು ಅಷ್ಟೊಂದು ಸಲ ಏಕೆ ಬರುತ್ತದೆಂಬುದು ನನಗೆ ಮನದಟ್ಟಾದದ್ದು ಆ ಪಂಕ್ತಿಯಲ್ಲಿ.

2018ರ ಆಗಸ್ಟ್ ತಿಂಗಳನ್ನು ಕೊಡಗಿನವರು ಮರೆಯುವಂತಿಲ್ಲ. ಮಳೆ ಹಿಡಿದು ಬಿಡಲಿಲ್ಲ. ಮಡಿಕೇರಿಯ ಸುತ್ತಲೂ, ನಮ್ಮ ಸೋಮವಾರಪೇಟೆ ತಾಲ್ಲೂಕಿನಲ್ಲಿಯೂ ಬೆಟ್ಟಗಳು ಕುಸಿದವು. ನಮ್ಮ ಹಿತ್ತಲಿನಲ್ಲಿ ಹೀರೆ, ಪಡವಲ, ಅಲಸಂದೆಗಳು ಕೊಳೆತುಹೋದವು. ಕೆಸು, ಸುವರ್ಣಗಡ್ಡೆ, ಶುಂಠಿಗಳು ನೆಲದೊಳಗೆ ಅವಿತು ಬದುಕಿದವು. ಅದೆಲ್ಲ ಒಂದು ನಷ್ಟವೆಂದು ಹೇಳುವಂತಿರಲಿಲ್ಲ. ಮಾದಾಪುರದಾಚೆಯ ಆ ಅಜ್ಜಿಯ ಮನೆಯ ಮೇಲೆ ರಾತ್ರೋರಾತ್ರಿ ಗುಡ್ಡ ಜಾರಿತು. ಮನೆಯವರೆಲ್ಲರೂ ಮುಂಚೆಯೇ ಹೊರಟಿದ್ದರಿಂದ ಜೀವ ಉಳಿಯಿತು. ಮನೆ, ಕೊಟ್ಟಿಗೆ, ಒಲೆಯ ಮೇಲಿನ ಅಟ್ಟದಲ್ಲಿದ್ದ ಸೋರೆಬುರುಡೆಗಳು ಎಲ್ಲವೂ ಮಣ್ಣಿನಡಿ ಸೇರಿದವು. ಮೊಮ್ಮಗನು ಶಾಲೆಗೆ ಮರಳಿದಾಗ ಹದಿನೈದು ದಿನ ಯಾರೊಡನೆಯೂ ಮಾತನಾಡಲಿಲ್ಲ. ನಾನೂ ಪಾಠದಲ್ಲಿ ಅವನನ್ನು ಪ್ರಶ್ನಿಸಲಿಲ್ಲ.

ನಮ್ಮಲ್ಲಿ 2017ರ ಬೇಸಗೆಯಲ್ಲಿ ತೆಗೆದಿರಿಸಿದ ಬದನೆಯ ಬೀಜವಿತ್ತು. 2019ರ ಆರಂಭದಲ್ಲಿ ಕುಶಾಲನಗರದ ಬಂಧುಗಳ ಮನೆಯಲ್ಲಿದ್ದ ಅಜ್ಜಿಯನ್ನು ಕಾಣಲು ಹೋದೆನು. ಬೂದಿಯೊಡನೆ ಕಟ್ಟಿದ್ದ ಪೊಟ್ಟಣವನ್ನು ಬಿಚ್ಚಿ, ಎರಡು ಬೀಜಗಳನ್ನು ಉಗುರಿನಿಂದ ಒತ್ತಿ ನೋಡಿದರು. "ಇದು ನಮ್ಮತ್ತೇದೇ" ಎಂದರು. ಬಹಳ ಹೊತ್ತಿನ ಮೇಲೆ, "ಹಾಕೋಕೆ ನೆಲ ಎಲ್ಲಿದೆ ಮೇಷ್ಟ್ರೇ" ಎಂದರು. ನನ್ನಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಮುಂದಿನ ಬಾರಿ ಹೋದಾಗ ಆ ಮನೆಯ ತಾರಸಿಯ ಮೇಲೆ, ಖಾಲಿಯಾದ ಬಣ್ಣದ ಡಬ್ಬಗಳಲ್ಲಿ, ಐದು ಗಿಡಗಳು ಹೂಬಿಟ್ಟಿದ್ದವು.

ಶ್ರೀಗಳವರು ದಯಪಾಲಿಸಿದ ಮೂರು ವರ್ಷಗಳ ಅವಧಿ ಎಂದೋ ಮುಗಿದಿದೆ, ಹಿತ್ತಲು ಮುಂದುವರಿದಿದೆ. ಆ ಜಾಗದಲ್ಲಿ ಹೊಸ ಕೊಠಡಿಗಳನ್ನು ಕಟ್ಟಿಸಬೇಕೆಂಬ ಯೋಜನೆಯೂ ಇದೆ. ಮಕ್ಕಳಿಗೆ ಕೊಠಡಿ ಬೇಕೆಂಬುದನ್ನು ನಾನು ಅಲ್ಲಗಳೆಯಲಾರೆ. ಆದ್ದರಿಂದ ಕಳೆದ ಎರಡು ವರ್ಷಗಳಿಂದ ತೋಟವನ್ನು ಒಂದೇ ಕಡೆ ಇರಗೊಡದೆ ಮಕ್ಕಳ ಮನೆಗಳಿಗೆ ಹಂಚುತ್ತಿದ್ದೇವೆ. ಬೀಜ ಬೇಕಾದ ಹಳೆಯ ವಿದ್ಯಾರ್ಥಿಗಳು, ಪೋಷಕರು ಯುಗಾದಿಗೆ ಮೊದಲು ಗ್ರಂಥಾಲಯದಲ್ಲಿ ನನ್ನನ್ನು ಕಾಣಬಹುದು. ಬೆಲೆಯಿಲ್ಲ. ತೆಗೆದುಕೊಂಡಷ್ಟು ಬೀಜವನ್ನು ಮರುವರ್ಷ ತಂದೊಪ್ಪಿಸಬೇಕೆಂಬುದೊಂದೇ ಕರಾರು. ಪುಸ್ತಕಗಳ ವಹಿಯ ಕಡೆಯ ಹಾಳೆಗಳಲ್ಲಿಯೇ ಅದರ ಲೆಕ್ಕವನ್ನೂ ಇಟ್ಟಿದ್ದೇನೆ.